ಒಂಬತ್ತರ ಭೋಂಗಾ

ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ. ಬಡತನಕ್ಕೆ ಇರಲಿಲ್ಲ ಎಂದುಕೊಳ್ಳಬೇಡಿ, ಬೇಕಾಗಿರಲಿಲ್ಲ, ಅಷ್ಟೇ. ಗೋಕಾಕ ಫಾಲ್ಸಿನ ಮಿಲ್ಲಿನ ಚಾಳಿನಲ್ಲಿ ಹುಟ್ಟಿ ಬೆಳೆದ ನಮಗೆ ಮಿಲ್ಲಿನ ಭೋಂಗಾ, ಎಂದರೆ ಸೈರನ್ನು, ಇತ್ತು. ಅದು ಕೂಗಿದರೆ ಅವ್ವ ಒಲೆ ಹಚ್ಚುತ್ತಿದ್ದಳು, ಕೂಗಿದರೆ ಅಪ್ಪ ಅಂಗಿ ತೊಡುತ್ತಿದ್ದ, ಕೂಗಿದರೆ ನಾನು ಮತ್ತು ಅಕ್ಕ ಪಾಟಿಚೀಲ ಹೆಗಲಿಗೆ ಹಾಕುತ್ತಿದ್ದೆವು. ಹೊಳೆಯಾಚೆ ಹೊಲದಲ್ಲಿ ಕಳೆ ತೆಗೆಯುವ ಹೆಂಗಸರೂ ಅದರ ದನಿ ಕೇಳಿಯೇ ಬುತ್ತಿ ಬಿಚ್ಚುತ್ತಿದ್ದರು. ಯಾರಾದರೂ ನೆಂಟರು ಬಂದು ಎಷ್ಟು ಗಂಟೆಯಾಯಿತು ಎಂದು ಕೇಳಿದರೆ, ಏಳರ ಭೋಂಗಾ ಆಗಿ ಸ್ವಲ್ಪ ಹೊತ್ತಾಯಿತು ಎಂದೋ, ಎಂಟರದ್ದು ಈಗಷ್ಟೇ ಆಯಿತು ಎಂದೋ, ಮೂರರದ್ದು ಇನ್ನೂ ಆಗಿಲ್ಲ ಎಂದೋ ಹೇಳುತ್ತಿದ್ದೆವು. ಅದಕ್ಕಿಂತ ಹೆಚ್ಚು ಸಮಯ ತಿಳಿದುಕೊಂಡು ಮಾಡುವುದಾದರೂ ಏನು ಎಂಬುದು ನಮ್ಮ ಭಾವನೆ.

ಚಾಳಿನ ಮನೆಗೆ ಎರಡೇ ಕೋಣೆ. ಹೊರಗಿನದು ಮಲಗುವುದಕ್ಕೆ, ಒಳಗಿನದು ಅಡುಗೆಗೆ. ಅಪ್ಪ ನೂಲುವ ಖಾತೆಯಲ್ಲಿದ್ದ. ಅವನ ಪಾಳಿ ವಾರಕ್ಕೊಮ್ಮೆ ಬದಲಾಗುತ್ತಿತ್ತು, ಅದರ ಜೊತೆಗೆ ಮನೆಯೂ ಬದಲಾಗುತ್ತಿತ್ತು. ರಾತ್ರಿಪಾಳಿಯ ವಾರ ಹಗಲು ಹೊತ್ತು ಹೊರಕೋಣೆಯ ಕಿಟಕಿಗೆ ಅವ್ವನ ಹಳೆಯ ಸೀರೆ ಕಟ್ಟಿ ಕತ್ತಲೆ ಮಾಡುತ್ತಿದ್ದೆವು. ನಾನು ಮಗ್ಗಿ ಬಾಯಿಪಾಠ ಮಾಡಿದ್ದೆಲ್ಲ ಪಿಸುಮಾತಿನಲ್ಲಿ. ನಗು ಬಂದರೆ ಬಾಯಿಗೆ ಲಂಗ ತುರುಕಿಕೊಂಡು ಹಿತ್ತಲಿಗೆ ಓಡಬೇಕು. ಹೀಗೆ ಅಪ್ಪನಿಗಾಗಿ ಇಡೀ ಮನೆ ಪಿಸುಗುಟ್ಟುತ್ತಿದ್ದರೆ, ಎದ್ದ ಮೇಲೆ ಅಪ್ಪ ಆಡುವ ಮಾತು ಮಾತ್ರ ಇಡೀ ಸಾಲಿಗೆ ಕೇಳಿಸುತ್ತಿತ್ತು. ಯಂತ್ರಗಳ ಗದ್ದಲದಲ್ಲಿ ಕೂಗಿ ಕೂಗಿ ಅವನ ದನಿ ಹಾಗೇ ದೊಡ್ಡದಾಗಿ ಉಳಿದುಬಿಟ್ಟಿತ್ತು. ಚಟ್ನಿಗೆ ಉಪ್ಪು ಕಡಿಮೆಯಾಗಿದೆ ಎಂದು ಅವನು ಹೇಳಿದರೆ ಪಕ್ಕದ ಮನೆಯ ಸುಶೀಲಾ ಕಾಕಿ ಉಪ್ಪು ತೆಗೆದುಕೊಂಡು ಬರುತ್ತಿದ್ದಳು. ತಮಾಷೆ ಮಾಡುತ್ತಿಲ್ಲ, ಒಮ್ಮೆ ಹಾಗೇ ಆಗಿದೆ.

ಅಪ್ಪ ಪಾಳಿ ಮುಗಿಸಿ ಬಂದರೆ ತಲೆ, ಹುಬ್ಬು, ಕಿವಿಯ ಕೂದಲು ಎಲ್ಲ ಬಿಳಿ. ಹತ್ತಿಯ ಎಳೆ. ಅವನು ಕೈಕಾಲು ತೊಳೆಯುವ ಮುಂಚೆ ಆಯಿ ಅವನನ್ನು ಬಾಗಿಲಲ್ಲೇ ಕೂಡಿಸಿಕೊಂಡು ಹುಬ್ಬಿನಿಂದ ಹತ್ತಿ ಬಿಡಿಸುತ್ತಿದ್ದಳು. ಆಯಿ ಎಂದರೆ ಅಪ್ಪನ ತಾಯಿ. ಹುಕ್ಕೇರಿ ಕಡೆಯ ಹಳ್ಳಿಯವಳು. ಅಜ್ಜ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದಿದ್ದಳು. ಮನೆಯಲ್ಲಿ ಭೋಂಗಾಕ್ಕೆ ಕಿವಿಗೊಡದವಳು ಅವಳೊಬ್ಬಳೇ. ಬಿಸಿಲು ನೋಡಿ ಏಳುತ್ತಿದ್ದಳು, ಬಿಸಿಲು ನೋಡಿ ಉಣ್ಣುತ್ತಿದ್ದಳು, ಅಪ್ಪ ಹಗಲಲ್ಲಿ ಮಲಗಿದರೆ ಕಾಯಿಲೆಯವನನ್ನು ನೋಡುವ ಹಾಗೆ ನೋಡುತ್ತಿದ್ದಳು. ಜಲಪಾತದ ನೀರಿನಿಂದಲೇ ಮಿಲ್ಲಿಗೆ ಶಕ್ತಿ ಬರುವುದೆಂದು ಯಾರೋ ಹೇಳಿದ ದಿನ ಅವಳು ಗಲ್ಲಕ್ಕೆ ಕೈ ಇಟ್ಟುಕೊಂಡು ಕೂತಳು.

"ಹೊಳಿನ್ನೂ ಪಾಳಿಗೆ ಹಚ್ಚ್ಯಾರಂದ್ರ, ಮಂದೀನ್ನ ಬಿಡ್ತಾರೇನು?"

ಬಂದ ಹೊಸತರಲ್ಲಿ ಆಯಿಯದು ಮಡಿ ಮೈಲಿಗೆ ಬಹಳ. ಸುಶೀಲಾ ಕಾಕಿಯವರು ಬೌದ್ಧರು. ಅವರ ಮನೆಯ ಗೋಡೆಯೂ ನಮ್ಮ ಮನೆಯ ಗೋಡೆಯೂ ಒಂದೇ. ಹಳ್ಳಿಯಲ್ಲಿ ಅವರ ಓಣಿಗೇ ಕಾಲಿಡದಿದ್ದ ಆಯಿ ಇಲ್ಲಿ ಅವರ ಜೊತೆ ಒಂದೇ ನಳಕ್ಕೆ ಸಾಲು ನಿಲ್ಲಬೇಕಾಯಿತು. ಮೊದಮೊದಲು ಕಾಕಿಯ ಕೊಡ ಎತ್ತಿದ ಮೇಲೆ ನಳ ತೊಳೆಯುತ್ತಿದ್ದಳು. ಆದರೆ ನಳಕ್ಕೂ ಹೊತ್ತು ಗೊತ್ತು ಇತ್ತು. ತೊಳೆಯುತ್ತ ಕೂತರೆ ನೀರು ನಿಂತುಹೋಗುತ್ತಿತ್ತು. ಎರಡು ಸಲ ಖಾಲಿ ಕೊಡ ಹೊತ್ತು ಮನೆಗೆ ಬಂದ ಮೇಲೆ ಆಯಿ ತೊಳೆಯುವುದನ್ನು ಬಿಟ್ಟಳು. ಮನಸ್ಸು ಬದಲಾಗಿ ಬಿಟ್ಟಳು ಎಂದು ಬರೆದರೆ ಓದುವುದಕ್ಕೆ ಚೆನ್ನಾಗಿರುತ್ತದೆ, ಆದರೆ ಅದು ಸುಳ್ಳು. ನೀರು ಹೋಗುತ್ತದೆ ಎಂದು ಬಿಟ್ಟಳು. ಮನಸ್ಸು ಬದಲಾದದ್ದು ಆಮೇಲೆ, ಕಾಕಿ ಮಾಡಿದ ಶೇಂಗಾ ಹೋಳಿಗೆ ತಿಂದ ಮೇಲೆ.

ವರ್ಷಕ್ಕೊಮ್ಮೆ ದಸರೆಯ ಖಂಡೇಪೂಜೆಯ ದಿನ ಮನೆಮಂದಿಯನ್ನು ಮಿಲ್ಲಿನೊಳಗೆ ಬಿಡುತ್ತಿದ್ದರು. ನಮಗೆ ಅದೇ ದೊಡ್ಡ ಹಬ್ಬ. ಅಪ್ಪ ಹೊಸ ಧೋತರ ಉಟ್ಟು ತನ್ನ ಸಾಲಿನ ಯಂತ್ರಕ್ಕೆ ಕುಂಕುಮ ಹಚ್ಚಿ, ಚೆಂಡು ಹೂವಿನ ಮಾಲೆ ಹಾಕಿ, ಕಾಯಿ ಒಡೆಯುತ್ತಿದ್ದ. ಗದ್ದಲವಿಲ್ಲದ ಮಿಲ್ಲಿನಲ್ಲಿ ಅವನ ಮಾತು ಇನ್ನೂ ದೊಡ್ಡದಾಗಿ ಕೇಳಿಸಿ ಅವನಿಗೇ ನಾಚಿಕೆಯಾಗುತ್ತಿತ್ತು. ಆ ಯಂತ್ರ ಅವನಿಗಿಂತ ಹಿರಿಯದು. ಅದರ ಯಾವ ತುದಿಯಲ್ಲಿ ನೂಲು ಹರಿಯುತ್ತದೆಂಬುದನ್ನು ನೋಡದೆ ಹೇಳುತ್ತಿದ್ದ. ಆಯಿ ಒಮ್ಮೆ ಬಂದು, ಸುತ್ತ ನೋಡಿ, ಎತ್ತಿಗೆ ಮೇವು ಹಾಕಿದರೆ ಅದು ತಿರುಗಿ ಮುಖ ನೋಡುತ್ತದೆ, ಇದು ನೋಡುತ್ತದೆಯೇ ಎಂದು ಕೇಳಿದಳು. ಅಪ್ಪನ ಮುಖ ಸಣ್ಣದಾದದ್ದನ್ನು ನಾನು ನೋಡಿದೆ, ನನಗೆ ಆಯಿಯ ಮೇಲೆ ಸಿಟ್ಟು ಬಂತು.

ಅಕ್ಕ ಕಸ್ತೂರಿ ಎಸ್ಸೆಸ್ಸೆಲ್ಸಿಗೆ ಬಂದ ವರ್ಷ ಆ ಯಂತ್ರಗಳನ್ನು ಬಿಚ್ಚಿದರು. ಹೊಸವು ಬರುತ್ತವೆ, ಕೂಡಿಸುವತನಕ ಕೆಲವು ವಾರ ಮಿಲ್ ಬಂದ್ ಎಂದಾಯಿತು. ಹಳೆಯ ಯಂತ್ರಗಳು ತುಂಡು ತುಂಡಾಗಿ ಗುಜರಿ ಲಾರಿ ಏರುವುದನ್ನು ನೋಡಲು ಚಾಳಿನ ಗಂಡಸರೆಲ್ಲ ರಸ್ತೆಯ ಬದಿಗೆ ನಿಂತಿದ್ದರು. ಹೊಸದರ ಮುಂದೆ ಒಬ್ಬ ನಿಂತರೆ ಹಳೆಯದರ ನಾಲ್ಕೈದು ಮಂದಿಯ ಕೆಲಸವಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಉಳಿದವರು ಏನು ಮಾಡಬೇಕು ಎಂಬುದು ಗೊತ್ತಿರಲಿಲ್ಲ. ಈಗ ನಾನಿರುವ ಮೂಡಲಗಿಯಲ್ಲಿ ಕಬ್ಬು ಕಡಿಯುವ ಯಂತ್ರ ಬಂದಿದೆ. ಒಂದು ಮುಂಜಾನೆ ಅದು ಹೊಲಕ್ಕೆ ಇಳಿದರೆ ಕಬ್ಬು ಕಡಿಯುವವರ ಇಡೀ ಗ್ಯಾಂಗು ದಂಡೆಯ ಮೇಲೆ ನಿಂತು ನೋಡುತ್ತದೆ. ಅವರ ನಿಲುವು, ಕೈ ಕಟ್ಟಿದ ರೀತಿ ಎಲ್ಲ ನಮ್ಮ ಚಾಳಿನ ಗಂಡಸರದ್ದೇ. ನನಗಂತೂ ಅಲ್ಲಿ ಬಹಳ ಹೊತ್ತು ನಿಲ್ಲಲಾಗುವುದಿಲ್ಲ.

ಮಿಲ್ ನಿಂತಿತು, ಭೋಂಗಾ ನಿಂತಿತು, ನಮ್ಮ ಮನೆ ಅಡ್ಡಾದಿಡ್ಡಿಯಾಯಿತು. ಅವ್ವ ರೊಟ್ಟಿ ಬಡಿದಿಟ್ಟು ಯಾರೂ ಉಣ್ಣಲು ಬರದೆ ಸಿಡಿಮಿಡಿಗೊಳ್ಳುತ್ತಿದ್ದಳು. ಅಪ್ಪ ಒಮ್ಮೊಮ್ಮೆ ಮಧ್ಯಾಹ್ನ ಎದ್ದು ಹಲ್ಲುಜ್ಜುತ್ತಿದ್ದ. ವರ್ಷಗಟ್ಟಲೆ ಪಾಳಿಯಲ್ಲಿ ದುಡಿದ ಅವನಿಗೆ ಸೂರ್ಯನ ಪರಿಚಯ ಈಗ ಅಷ್ಟಕ್ಕಷ್ಟೇ. ಸಂಜೆ ಮಿಲ್ಲಿನ ಗೇಟಿನತನಕ ಹೋಗಿ, ಸುಮ್ಮನೆ ನಿಂತು, ತಿರುಗಿ ಬರುತ್ತಿದ್ದ. ಬೇಸಿಗೆ ಬೇರೆ. ಜಲಪಾತದಲ್ಲಿ ನೀರಿರಲಿಲ್ಲ, ಬರಿ ಕರಿಬಂಡೆ. ಗದ್ದಲದ ನಡುವೆ ಹುಟ್ಟಿದ ನಮಗೆ ಆ ವಾರಗಳ ನಿಶ್ಶಬ್ದ ಹೆದರಿಕೆ ಹುಟ್ಟಿಸುತ್ತಿತ್ತು. ಅದರೊಳಗೆ ಅಕ್ಕ ಒಬ್ಬಳು ಮಾತ್ರ ಸುಖವಾಗಿ ಓದುತ್ತಿದ್ದಳು. ಜೀವನದಲ್ಲಿ ಮೊದಲ ಸಲ ದನಿ ತೆಗೆದು.

ಅಕ್ಕನಿಗೆ ಪಾಸಾಗುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಆಯಿಯ ಮಗಳನ್ನು, ಎಂದರೆ ನಮ್ಮ ಸೋದರತ್ತೆಯನ್ನು, ಕಣಗಲಾಕ್ಕೆ ಕೊಟ್ಟಿದ್ದರು. ಅವಳ ಮಗನಿಗೆ ಅಕ್ಕನನ್ನು ತರಬೇಕೆಂಬುದು ಆಯಿಯ ಬಹಳ ದಿನದ ಆಸೆ. ಅವ್ವನಿಗೆ ಮಗಳನ್ನು ಕಾಲೇಜಿಗೆ ಕಳಿಸುವ ಆಸೆ. ಅಕ್ಕನಿಗೆ ಏನು ಆಸೆ ಎಂದು ಯಾರೂ ಕೇಳದಿದ್ದರೂ ಅವಳು ಗಣಿತದ ಪುಸ್ತಕ ಹಿಡಿದುಕೊಂಡು ಕೂಡುವ ರೀತಿ ನೋಡಿದರೆ ಗೊತ್ತಾಗುತ್ತಿತ್ತು. ಇಬ್ಬರ ನಡುವೆ ಸಿಕ್ಕ ಅಪ್ಪ ಒಂದು ದಿನ ತಟ್ಟೆಯ ಮುಂದೆ ಕೂತು ತೀರ್ಪು ಕೊಟ್ಟ. ಚಾಳಿಗೆಲ್ಲ ಕೇಳಿಸಿತು.

"ಪಾಸಾದ್ರ ಗೋಕಾಕ ಕಾಲೇಜಿಗೆ ಹೋಗ್ಲಿ. ನಪಾಸಾದ್ರ ನಮ್ಮವ್ವ ಹೇಳಿದಂಗ ಆಗ್ಲಿ. ಮುಗೀತು."

ಪರೀಕ್ಷೆಗೆ ಮುಂಚೆ ಆಯಿ ಕಣಗಲಾಕ್ಕೆ ಹೋಗಿ ಬಂದಳು. ಬರುವಾಗ ಅಕ್ಕನಿಗೆಂದು ಅತ್ತೆಯ ಮನೆಯವರು ಕೊಟ್ಟ ಕೈಗಡಿಯಾರ ತಂದಳು. ನಮ್ಮ ಮನೆಗೆ ಬಂದ ಮೊದಲ ಗಡಿಯಾರ ಅದು. ಪರೀಕ್ಷೆಯ ಕೇಂದ್ರ ಗೋಕಾಕದಲ್ಲಿ, ಬಸ್ಸಿನಲ್ಲಿ ಹೋಗಬೇಕು, ಭೋಂಗಾ ಬೇರೆ ಇಲ್ಲ. ಗಡಿಯಾರ ಉಪಯೋಗಕ್ಕೆ ಬಂತು. ಮೊದಲ ಪೇಪರುಗಳಿಗೆಲ್ಲ ಅಕ್ಕ ಅದನ್ನೇ ನೋಡಿಕೊಂಡು ಹೋಗಿ ಬಂದಳು. ಅವ್ವನಿಗೆ ಮಾತ್ರ ಅದು ಕಣ್ಣು ಚುಚ್ಚುತ್ತಿತ್ತು. ಗಣಿತದ ಪೇಪರಿನ ಹಿಂದಿನ ಸಂಜೆ ತಡೆದುಕೊಳ್ಳಲಾಗದೆ ಬಾಯಿ ಬಿಟ್ಟಳು.

"ವಾಚ್ ಅವರ್ಯಾಕ ಕೊಡಬೇಕ್ರಿ, ಅತ್ತಿ? ಹುಡುಗಿ ಓದಾಕತ್ತಾಳ, ಈಗ್ಯಾಕ ಈ ಬೀಗತನದ ಮಾತು?"

"ನನ್ನ ಮಗಳ ಮನಿ ಅಂದ್ರ ನಿನಗ ಮುಳ್ಳಾಗೇತಿ. ಅಲ್ಲಿ ಹೊಲಾ ಐತಿ, ಭಾಂವಿ ಐತಿ, ಕಟ್ಟಿದ ದನಾ ಅದಾವ. ಇಲ್ಲೇನ ಐತಿ? ಎರಡ ಖೋಲಿ, ಒಂದ ಭೋಂಗಾ. ಅದೂ ಈಗ ಬಂದ್ ಆತು!"

ಅಲ್ಲಿಂದ ಮುಂದಕ್ಕೆ ಹೋಯಿತು ಜಗಳ. ಮದುವೆಯಲ್ಲಿ ಕೊಟ್ಟ ಸೀರೆ, ಬಾಣಂತನದಲ್ಲಿ ಹಾಕದ ತುಪ್ಪ, ಸತ್ತವರು, ಇದ್ದವರು ಎಲ್ಲರೂ ಬಂದರು. ಅಪ್ಪ ನಡುವೆ ಬಾಯಿ ಹಾಕಿದ ಮೇಲಂತೂ ಏನೂ ಕೇಳಿಸದಾಯಿತು. ಅದೇ ಹೊತ್ತಿಗೆ ಮಿಲ್ಲಿನ ಕಾವಲುಗಾರ ಚಾಳಿನ ಸಾಲುಗಳಲ್ಲಿ ಸುದ್ದಿ ಕೂಗುತ್ತ ಹೋದನಂತೆ: ನಾಳೆ ಒಂಬತ್ತಕ್ಕೆ ಭೋಂಗಾದ ಟ್ರಾಯಲ್ ಇದೆ, ಅದು ಪಾಳಿಯ ಭೋಂಗಾ ಅಲ್ಲ, ಯಾರೂ ಗೇಟಿಗೆ ಬರಬೇಡಿ. ಎಲ್ಲ ಮನೆಗೂ ಕೇಳಿಸಿತು. ನಮ್ಮ ಮನೆಗೆ ಕೇಳಿಸಲಿಲ್ಲ. ಮರುದಿನ ಆಯಿ ಮುಖ ಊದಿಸಿಕೊಂಡು ಮೊದಲ ಬಸ್ಸಿಗೆ ಕಣಗಲಾಕ್ಕೆ ಹೊರಟುಹೋದಳು. ಬಿಸಿಲು ನೋಡಿ ಹೊತ್ತು ಹೇಳಬಲ್ಲ ಅವಳೊಬ್ಬಳೂ ಮನೆಯಲ್ಲಿ ಇಲ್ಲವಾದಳು.

ಅಕ್ಕ ಎರಡು ಜಡೆ ಹಾಕಿಕೊಂಡು, ದೇವರಿಗೆ ಕೈ ಮುಗಿದು ಸಿದ್ಧಳಾಗಿದ್ದಳು. ಪೇಪರು ಹತ್ತೂವರೆಗೆ. ಒಂಬತ್ತೂಕಾಲಿನ ಬಸ್ಸು ಹಿಡಿಯಬೇಕು. ಅಪ್ಪ ಅವಳನ್ನು ಬಿಟ್ಟು ಬರುವವನು. ಊಟದ ಡಬ್ಬಿ ಹಿಡಿದುಕೊಳ್ಳಲು ನಾನೂ ಜೊತೆಗೆ. ಅಪ್ಪ ಬಶಿಯಲ್ಲಿ ಚಹಾ ಸುರುವಿಕೊಂಡು ಬಾಯಿಗೆ ಇಡಬೇಕು, ಅಷ್ಟರಲ್ಲಿ ಭೋಂಗಾ ಕೂಗಿತು. ಎಷ್ಟೋ ವಾರದ ಮೇಲೆ. ಅಪ್ಪನ ಕೈಯಲ್ಲಿನ ಬಶಿ ಓರೆಯಾಗಿ ಚಹಾ ಧೋತರದ ಮೇಲೆ ಚೆಲ್ಲಿತು, ಅವನಿಗೆ ಗೊತ್ತೇ ಆಗಲಿಲ್ಲ.

"ಚಾಲೂ ಆತು! ಮಿಲ್ ಚಾಲೂ ಆತು!" ಎಂದು ಎದ್ದು ನಿಂತ. ಆಮೇಲೆ ಅಕ್ಕನ ಕಡೆ ತಿರುಗಿ, "ಗಡಬಡಿ ಮಾಡಬ್ಯಾಡ, ಈಗ ಎಂಟಾತು" ಎಂದ.

"ಒಂಬತ್ತಾಗೇತಿ ಅಪ್ಪಾ, ಇಲ್ಲಿ ನೋಡು."

"ಒಂಬತ್ತಕ್ಕ ಯಾವಾಗರ ಭೋಂಗಾ ಆಗೇತೇನು? ಎಂಟರದ್ದು ಇದು. ನಿನ್ನಿ ಕೀಲಿ ಭಾಳ ಕೊಟ್ಟೀದಿ. ಕಣಗಲಾದ ವಾಚ್ ಮುಂದ ಓಡಾಕತ್ತೈತಿ."

ಹೀಗೆ ಹೇಳಿ ಅಕ್ಕನ ಮುಂಗೈ ಹಿಡಿದು ಮುಳ್ಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ. ಈಗ ಕೇಳುವವರಿಗೆ ನಗು ಬರಬಹುದು. ನನ್ನ ಮೊಮ್ಮಗಳು ಈ ಕಥೆ ಕೇಳಿ, ಗಡಿಯಾರ ಬಿಟ್ಟು ಭೋಂಗಾ ನಂಬುತ್ತಾರೇನಜ್ಜಿ ಎಂದು ಬಿದ್ದು ಬಿದ್ದು ನಕ್ಕಳು. ನಾವು ಯಾರೂ ನಗಲಿಲ್ಲ, ಸಂಶಯವನ್ನೂ ಪಡಲಿಲ್ಲ. ಅಕ್ಕನೂ ಪಡಲಿಲ್ಲ. ಗಡಿಯಾರ ಯಾರೋ ಕೊಟ್ಟದ್ದು, ಭೋಂಗಾ ನಮ್ಮದು. ಅವ್ವನಿಗೆ ಕಣಗಲಾದ ವಾಚು ಕೆಟ್ಟಿತೆಂದು ಒಳಗೊಳಗೇ ಸಂತೋಷ. ಸಿಕ್ಕ ಹೊತ್ತಿನಲ್ಲಿ ಬಿಸಿ ರೊಟ್ಟಿ, ಝುಣಕಾ ಮಾಡಿ ಬಡಿಸಿದಳು. ಅಕ್ಕ ಉಂಡು, ಹೊಸ್ತಿಲ ಮೇಲೆ ಕೂತು ಪ್ರಮೇಯಗಳನ್ನು ಇನ್ನೊಮ್ಮೆ ತಿರುವಿಹಾಕಿದಳು. ತಿದ್ದಿದ ಗಡಿಯಾರದಲ್ಲಿ ಒಂಬತ್ತಾದ ಮೇಲೆ ನಾವು ಹೊರಗೆ ಬಂದೆವು. ಸುಶೀಲಾ ಕಾಕಿ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು.

"ಅಯ್ಯ, ಕಸ್ತೂರಿ ಇನ್ನೂ ಇಲ್ಲೇ ಅದಾಳ? ಹತ್ತಾತಲ್ರಿ ಅಣ್ಣಾ, ಪೇಪರ್ ಇಲ್ಲೇನು ಇವತ್ತ?"

"ಎಲ್ಲೀ ಹತ್ತು? ಎಂಟರ ಭೋಂಗಾ ಆಗಿ ಈಗ ತಾಸಾತು."

"ಅದ ಟ್ರಾಯಲ್ ಭೋಂಗಾರೀ! ನಿನ್ನಿ ಸಂಜಿಕ ಒದರಿಕೋಂತ ಹೋದ್ನಲ್ಲ, ನೀವು ಕೇಳಲಿಲ್ಲೇನು?"

ಅಪ್ಪನ ಮುಖ ಹೇಗಾಯಿತೆಂದು ನಾನು ನೋಡಲಿಲ್ಲ, ಏಕೆಂದರೆ ಅಕ್ಕ ಅಷ್ಟರಲ್ಲಿ ಓಡತೊಡಗಿದ್ದಳು. ಬಸ್ಸು ಹೋಗಿತ್ತು. ಮುಂದಿನದು ಬರಲು ಹೊತ್ತಿತ್ತು. ಅಪ್ಪ ರಸ್ತೆಯ ನಡುವೆ ಕೈ ಅಗಲಿಸಿ ನಿಂತು ಕಲ್ಲಂಗಡಿ ತುಂಬಿದ ಒಂದು ಟೆಂಪೋ ನಿಲ್ಲಿಸಿದ. ಹಿಂದೆ ಕಲ್ಲಂಗಡಿಗಳ ನಡುವೆ ಕೂತು ಹೋದೆವು. ಘಟ್ಟದ ತಿರುವುಗಳಲ್ಲಿ ಟೆಂಪೋ ತೆವಳುತ್ತಿತ್ತು. ಅಕ್ಕ ಗಡಿಯಾರವನ್ನು ನೋಡಲೂ ಇಲ್ಲ. ಅದು ಈಗ ಏನು ತೋರಿಸಿದರೂ ಸುಳ್ಳೇ. ಗೋಕಾಕ ತಲುಪಿ ಸಾಲೆಯ ಗೇಟಿನ ಮುಂದೆ ಇಳಿದಾಗ ಹನ್ನೊಂದು ದಾಟಿತ್ತು. ಗೇಟಿನ ಒಳಗೆ ನಿಂತಿದ್ದ ಮಾಸ್ತರರು ಅಕ್ಕನ ಹಾಲ್ ಟಿಕೆಟ್ ನೋಡಿ, ನಮ್ಮ ಮೂವರನ್ನು ನೋಡಿ ಮೆಲ್ಲಗೆ ಹೇಳಿದರು.

"ಅರ್ಧಾ ತಾಸು ದಾಟೇತ್ರಿ. ಇನ್ನ ಒಳಗ ಬಿಡಾಕ ಬರೂದಿಲ್ಲ. ನಿಯಮ ಐತಿ."

ಹಾಗೆ ಹೇಳಿದವರು ಒಳಗೆ ಹೋಗಲಿಲ್ಲ. ಅಲ್ಲೇ ನಿಂತರು. ಅಕ್ಕ ಅಪ್ಪನ ಬಾಯಿಯನ್ನೇ ನೋಡುತ್ತಿದ್ದಳು. ನಾನೂ ನೋಡುತ್ತಿದ್ದೆ. ಇಡೀ ಚಾಳಿಗೆ ಕೇಳಿಸುವಂಥ ದನಿ ಇದ್ದ ಮನುಷ್ಯ ಒಂದೇ ಒಂದು ಶಬ್ದ ಆಡಿದ. "ಆತ್ರಿ" ಎಂದು, ತಿರುಗಿ ನಡೆದ.

ಅಪ್ಪ ಯಾಕೆ ಹಾಗೆ ಮಾಡಿದ ಎಂಬುದು ನನಗೆ ಅರ್ಥವಾಗಲು ಬಹಳ ವರ್ಷ ಬೇಕಾದವು. ಮಿಲ್ಲಿನ ಗೇಟು ಭೋಂಗಾದ ಹೊತ್ತಿಗೆ ಮುಚ್ಚುತ್ತದೆ. ಆಮೇಲೆ ಬಂದವನ ಜಾಗಕ್ಕೆ ಬದಲಿಯವನು ಹೋಗುತ್ತಾನೆ. ಬಂದವನು ವಾದ ಮಾಡುವುದಿಲ್ಲ, ಕೈ ಮುಗಿಯುವುದಿಲ್ಲ, ಮನೆಗೆ ಹೋಗುತ್ತಾನೆ. ಹಾಗೆ ಮಾಡುವುದೇ ಮರ್ಯಾದೆ. ಹೊಲ ಬಿಟ್ಟು ಬಂದ ಹುಡುಗನಿಗೆ ಮಿಲ್ಲು ಮೊದಲು ಕಲಿಸಿದ್ದು ಅದನ್ನೇ, ಅವನು ಅದನ್ನು ಚೆನ್ನಾಗಿ ಕಲಿತಿದ್ದ. ಆ ಮಾಸ್ತರರು ಕೇಳಿಕೊಂಡರೆ ಬಿಡುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ, ಬಹುಶಃ ಬಿಡುತ್ತಿರಲಿಲ್ಲ. ಆದರೆ ಅಕ್ಕನಿಗೆ ಬೇಕಾದದ್ದು ಆ ಮಾತು. ಬಸ್ ಸ್ಟ್ಯಾಂಡಿನ ದಾರಿಯಲ್ಲಿ ಅವಳು ನಿಂತು ಹೇಳಿದಳು.

"ನೀ ಒಂದ ಮಾತರ ಕೇಳಬೇಕಾಗಿತ್ತಪ್ಪಾ. ನನ್ನ ಸಲುವಾಗಿ ಒಂದ ಮಾತು."

ಆಮೇಲೆ ಅಪ್ಪನ ಜೊತೆ ಮಾತು ಬಿಟ್ಟಳು. ಎರಡು ಕೋಣೆಯ ಮನೆಯಲ್ಲಿ ಮಾತು ಬಿಡುವುದು ಸುಲಭವಲ್ಲ. ನೀರು ಕೊಡಬೇಕು, ತಟ್ಟೆ ಇಡಬೇಕು, ಅವನ ಹಾಸಿಗೆಯನ್ನು ದಾಟಿಯೇ ಹೊರಗೆ ಹೋಗಬೇಕು. ಅಕ್ಕ ಎಲ್ಲವನ್ನೂ ಮಾಡುತ್ತಿದ್ದಳು, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಏನಾದರೂ ಹೇಳುವುದಿದ್ದರೆ ನನ್ನ ಮೂಲಕ. ಅಪ್ಪ ಎದುರಿಗೇ ಕೂತಿರುವಾಗ, ಚಹಾ ಆಗೇತಿ ಅಂತ ಹೇಳು ಎಂದು ನನಗೆ ಹೇಳುತ್ತಿದ್ದಳು. ನನಗೆ ಇಬ್ಬರ ಮೇಲೂ ಮೈ ಉರಿಯುತ್ತಿತ್ತು. ಅಳುವೂ ಬರುತ್ತಿತ್ತು.

ನಾನು ಇಂದಿಗೂ ಯಾವ ಕಚೇರಿಯ ಕಿಟಕಿಯಲ್ಲಿ ಆಗುವುದಿಲ್ಲ ಎಂದರೂ ಸುಮ್ಮನೆ ಬರುವವಳಲ್ಲ. ಕೇಳುತ್ತೇನೆ, ಮತ್ತೆ ಕೇಳುತ್ತೇನೆ, ಬೇರೆಯವರ ಪರವಾಗಿಯೂ ಕೇಳುತ್ತೇನೆ. ರೇಷನ್ ಅಂಗಡಿಯಲ್ಲಿ ಯಂತ್ರ ಬೆರಳು ಒಪ್ಪದಿದ್ದಕ್ಕೆ ವಾಪಸು ಹೊರಟ ಮುದುಕಿಯರನ್ನು ಕೈ ಹಿಡಿದು ನಿಲ್ಲಿಸಿ ಜಗಳಾಡುತ್ತೇನೆ. ನನ್ನ ಗಂಡ ನಾಚಿಕೊಂಡು ದೂರ ಹೋಗಿ ನಿಲ್ಲುತ್ತಾರೆ. ಈ ಗುಣ ನನಗೆ ಎಲ್ಲಿಂದ ಬಂತು ಎಂದು ಮಕ್ಕಳು ಕೇಳುತ್ತಾರೆ. ಆ ಗೇಟಿನಿಂದ ಬಂತು.

ಫಲಿತಾಂಶ ಬಂತು. ಉಳಿದ ಎಲ್ಲದರಲ್ಲೂ ಒಳ್ಳೆಯ ಅಂಕ, ಗಣಿತಕ್ಕೆ ಗೈರುಹಾಜರಿ, ಒಟ್ಟು ನಪಾಸು. ಮಿರಗದ ಮಳೆಗೆ ಮುಂಚೆ ಕಣಗಲಾದ ಅತ್ತೆ, ಮಾಮಾ ಕುಪ್ಪಸ, ಕೊಬ್ಬರಿ, ಸಕ್ಕರೆ ತೆಗೆದುಕೊಂಡು ಆಯಿಯ ಜೊತೆ ಬಂದರು. ಕೆಟ್ಟ ಜನ ಅಲ್ಲ ಅವರು, ಹುಡುಗನೂ ಒಳ್ಳೆಯವನು. ಅದೇ ಕಷ್ಟವಾಗಿತ್ತು, ಬೇಡ ಎನ್ನಲು ಕಾರಣವಿರಲಿಲ್ಲ. ಅಕ್ಕ ಒಳಕೋಣೆಯಲ್ಲಿ ಒಲೆಯ ಮುಂದೆ ಗೋಡೆ ನೋಡುತ್ತ ಕೂತಿದ್ದಳು. ಅವ್ವ ಸೆರಗು ಬಾಯಿಗೆ ಹಿಡಿದಿದ್ದಳು. ಆಯಿಯೇ ಮಾತು ತೆಗೆದಳು.

"ನೀನ ಹೇಳೀದಿ ಬಸಣ್ಣಾ. ನಪಾಸಾದ್ರ ನಾ ಹೇಳಿದಂಗ ಅಂತ. ಮಾತು ಮಾತಾಗಿರ್ಲಿ."

ಅಪ್ಪ ತಲೆ ತಗ್ಗಿಸಿ ಕೂತಿದ್ದವನು ಎದ್ದ. ತಾಯಿಯ ಮುಂದೆ ಹೋಗಿ ಕೂತು, ಎರಡೂ ಕೈ ಜೋಡಿಸಿದ. ಅವನು ಮೆಲ್ಲಗೆ ಮಾತಾಡಬಲ್ಲ ಎಂಬುದು ನನಗೆ ಅವತ್ತು ಗೊತ್ತಾಯಿತು.

"ಹುಡುಗಿ ನಪಾಸಾಗಿಲ್ಲವ್ವಾ. ನಾ ನಪಾಸಾಗೀನಿ. ಇನ್ನೊಂದ ಸಲ ಬಿಡು. ಅಕ್ಟೋಬರ್ ತನಕ. ನಿನ್ನ ಕಾಲಿಗೆ ಬೀಳ್ತೀನಿ."

ಆಯಿ ಬಹಳ ಹೊತ್ತು ಮಗನ ಮುಖ ನೋಡಿದಳು. ಮಾಮಾ ಅಡಿಕೆ ಕತ್ತರಿಸುತ್ತ, ಮಳೆಗಾಲದಲ್ಲಿ ಹೇಗೂ ಮದುವೆಯಾಗುವುದಿಲ್ಲ, ದಸರೆ ಮುಗಿದ ಮೇಲೆ ನೋಡಿದರಾಯಿತು ಎಂದರು. ಆಯಿ ಕುಪ್ಪಸವನ್ನು ಮಡಿಸಿ ಮತ್ತೆ ಚೀಲಕ್ಕೆ ಹಾಕಿದಳು. ಒಳಗೆ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವತ್ತೇ ಮಾತಾಡಿಸುತ್ತಾಳೆ ಎಂದು ನಾನು ಕಾದೆ. ಮಾತಾಡಿಸಲಿಲ್ಲ. ಅಷ್ಟು ಹಟ.

ಮಳೆಗಾಲದ ಹೊತ್ತಿಗೆ ಮಿಲ್ ಮತ್ತೆ ಶುರುವಾಯಿತು. ಹೊಸ ಯಂತ್ರಗಳನ್ನು ನಡೆಸಲು ಗುಂಪು ಗುಂಪಾಗಿ ಕರೆದು ಕಲಿಸುತ್ತಿದ್ದರು. ಕಲಿತವನು ಅದರ ಮುಂದೆ ನಿಲ್ಲುತ್ತಾನೆ. ಉಳಿದವರಿಗೆ ಗೋದಾಮು, ಕಸ, ಇಲ್ಲವೇ ಬದಲಿ ಕೆಲಸ. ಅಪ್ಪನ ಸರದಿ ಬಂದದ್ದು ಅಕ್ಕನ ಅಕ್ಟೋಬರಿನ ಗಣಿತದ ಪೇಪರಿನ ದಿನ. ಬೇರೆ ದಿನ ಆಗುತ್ತದೆಯೇ ಎಂದು ಅಪ್ಪ ಹೋಗಿ ಕೇಳಿದ. ಕೇಳಿದ ಎಂಬುದೇ ನನಗೆ ದೊಡ್ಡ ಮಾತು. ಬರುವವರ ಸಾಲು ಉದ್ದವಿದೆ, ಸರದಿ ಬಿಟ್ಟರೆ ಮುಂದಿನವನು ಬರುತ್ತಾನೆ ಎಂದರಂತೆ. ಹಿಂದಿನ ಸಂಜೆ ಅವ್ವ ಅವನ ಮುಂದೆ ಕೂತು ಬೇಡಿಕೊಂಡಳು.

"ಸುಶೀಲಾ ಕರಕೊಂಡು ಹೊಕ್ಕೇನಿ ಅಂದಾಳ. ನೀವು ಮಿಲ್ಲಿಗೆ ಹೋಗ್ರಿ. ಈ ಸರದಿ ತಪ್ಪಿದ್ರ ಮುಂದ ಹ್ಯಾಂಗ್ರಿ?"

ಅಕ್ಕ ನನ್ನ ಕಡೆ ತಿರುಗಿ, ನಾ ಒಬ್ಬಾಕಿನೇ ಹೊಕ್ಕೇನಿ, ಯಾರೂ ಬರೂದ ಬ್ಯಾಡ ಅಂತ ಹೇಳು ಎಂದಳು. ನಾನು ಹೇಳಲಿಲ್ಲ. ಅವನಿಗೆ ಕೇಳಿಸಿತ್ತು.

ಮರುದಿನ ಏಳರ ಭೋಂಗಾ ಕೂಗಿದಾಗ ಅವ್ವ ಅಪ್ಪನ ಮಿಲ್ಲಿನ ಅಂಗಿಯನ್ನು ಗೂಟದಿಂದ ತೆಗೆದು ಅವನ ಮುಂದೆ ಹಿಡಿದಳು. ಅಪ್ಪ ಅದನ್ನು ತೆಗೆದುಕೊಂಡು ಮತ್ತೆ ಗೂಟಕ್ಕೆ ಹಾಕಿದ. ಪೆಟ್ಟಿಗೆಯಿಂದ ಬಿಳಿ ಅಂಗಿ ತೆಗೆದು ತೊಟ್ಟ. ಅವ್ವ ಡಬ್ಬಿಗೆ ಇನ್ನೆರಡು ರೊಟ್ಟಿ ಹಾಕಿದಳು. ನಾವು ಹೊರಟಾಗ ಆಯಿ ಬಾಗಿಲಿಗೆ ಬಂದು ಆಕಾಶ ನೋಡಿ, ಹೊತ್ತು ಭಾಳ ಐತಿ, ಸಾವಕಾಶ ಹೋಗ್ರಿ ಎಂದಳು.

ಗೋಕಾಕದಲ್ಲಿ ಇಳಿದಾಗ ಸಾಲೆಯ ಗೇಟು ಇನ್ನೂ ತೆರೆದಿರಲಿಲ್ಲ. ಅಕ್ಕ ಒಂದು ಕಡೆ ನಿಂತು ಪುಸ್ತಕ ನೋಡಿದಳು, ಅಪ್ಪ ಇನ್ನೊಂದು ಕಡೆ ನಿಂತ. ಗಂಟೆ ಬಾರಿಸಿದ ಮೇಲೆ ಅವಳು ಒಳಗೆ ಹೋದಳು, ತಿರುಗಿ ನೋಡಲಿಲ್ಲ. ನಾನು, ಅಪ್ಪ ಎದುರಿನ ಬೇವಿನ ಕೆಳಗೆ ಹೋದೆವು. ನಾನು ಕೂತೆ, ಅವನು ನಿಂತೇ ಇದ್ದ, ಯಂತ್ರದ ಮುಂದೆ ನಿಲ್ಲುವವನ ಹಾಗೆ, ಗೇಟಿನ ಮೇಲೆ ಕಣ್ಣಿಟ್ಟು. ಹಸಿವಾಗಿ ನಾನು ಡಬ್ಬಿ ಬಿಚ್ಚಿ ತಿಂದೆ. ನೀನೂ ತಿನ್ನು ಎಂದರೆ ಬೇಡ ಎಂದ. ಅಲ್ಲಿ ಮಿಲ್ಲಿನಲ್ಲಿ ಆ ಹೊತ್ತಿಗೆ ಬೇರೆ ಯಾರೋ ಹೊಸ ಯಂತ್ರದ ಗುಂಡಿ ಒತ್ತುವುದನ್ನು ಕಲಿಯುತ್ತಿದ್ದರು.

ಆ ಪೇಪರಿನಲ್ಲಿ ಅಕ್ಕ ಪಾಸಾದಳು, ಕಾಲೇಜಿಗೆ ಹೋದಳು, ಹುಕ್ಕೇರಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಗಣಿತ ಕಲಿಸಿದಳು. ಅಪ್ಪ ಹೊಸ ಯಂತ್ರದ ಮುಂದೆ ಎಂದೂ ನಿಲ್ಲಲಿಲ್ಲ. ಗೋದಾಮಿನಲ್ಲಿ ಹತ್ತಿಯ ಅಂಡಿಗೆ ಹೊತ್ತು ನಿವೃತ್ತನಾದ. ಅವನ ಬೆನ್ನು ಬಾಗಿದ್ದನ್ನು ನಾವು ನೋಡಿದೆವು. ಇವೆರಡನ್ನೂ ಒಟ್ಟಿಗೇ ಹೇಳಬೇಕು, ಒಂದನ್ನೇ ಹೇಳಿದರೆ ಸುಳ್ಳಾಗುತ್ತದೆ. ಆದರೆ ಬೇವಿನ ಕೆಳಗೆ ಕೂತಿದ್ದ ನನಗೆ ಆಗ ಇದು ಯಾವುದೂ ಗೊತ್ತಿರಲಿಲ್ಲ.

ಪೇಪರು ಮುಗಿಯಿತು. ಹುಡುಗ ಹುಡುಗಿಯರು ಹೊರಗೆ ಬಂದರು. ಅಪ್ಪಂದಿರು ಮುನ್ನುಗ್ಗಿ ಹೇಗಾಯಿತು ಹೇಗಾಯಿತು ಎಂದು ಕೇಳತೊಡಗಿದರು. ಅಕ್ಕ ಕೊನೆಗೆ ಬಂದಳು. ಅಪ್ಪ ಏನೂ ಕೇಳಲಿಲ್ಲ, ಕೇಳುವ ಧೈರ್ಯ ಅವನಿಗಿರಲಿಲ್ಲ. ಅವಳು ರಸ್ತೆ ದಾಟಿ ನೇರ ಮರದ ಕೆಳಗೆ ಬಂದಳು. ನನ್ನ ಮಡಿಲಲ್ಲಿದ್ದ ಡಬ್ಬಿಯನ್ನು ನೋಡಿದಳು. ನನ್ನ ಮೂಲಕವೇ ಹೇಳಿಸುತ್ತಾಳೆ ಎಂದುಕೊಂಡು ನಾನು ತಲೆ ಎತ್ತಿದೆ. ಅವಳು ನನ್ನ ಕಡೆ ನೋಡುತ್ತಿರಲಿಲ್ಲ.

"ಅಪ್ಪಾ, ನೀ ಉಂಡಿಯೇನು?"

ಅಪ್ಪ ಇಲ್ಲ ಎಂದು ತಲೆಯಾಡಿಸಿದ. ಅಕ್ಕ ಅವನ ಎದುರಿಗೆ ನೆಲದ ಮೇಲೆ ಕೂತು, ರೊಟ್ಟಿಗೆ ಚಟ್ನಿ ಹಚ್ಚಿ, "ಕೂಡು, ಉಣ್ಣು" ಎಂದಳು.